ಮುರಿದ ಕಾಲ್ಗಂಟು | ಮೊದಲ ಆಪರೇಷನ್‌ಗೆ ಸ್ಕೀಮ್ ಇದೆ, ಆಮೇಲಿನದ್ದು ಯಾರ ಲೆಕ್ಕಕ್ಕೆ?

ದೀಪಾಂಜಲಿ ನಗರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಇಳಿದು, ಮೈಸೂರು ರಸ್ತೆಯ ಗದ್ದಲ ದಾಟಿ ಒಳಗೆ ಬಂದರೆ ನಮ್ಮ ಬೀದಿ. ನಮ್ಮ ಎದುರು ಮನೆಯ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಳೆಗಾಲದ ಒಂದು ಸಂಜೆ ಕೆಲಸ ಮುಗಿಸಿ ಬಂದು ಬಸ್ಸಿಂದ ಇಳಿದವರು ಚರಂಡಿ ಮೇಲಿನ ಚಪ್ಪಡಿ ಮೇಲೆ ಬಲಗಾಲಿಟ್ಟರು. ಚಪ್ಪಡಿ ಅಲುಗಾಡಿತು, ಪಾದ ಹೊರಕ್ಕೆ ತಿರುಚಿಕೊಂಡಿತು. ‘ಟಕ್ ಅಂತ ಸದ್ದು ನನಗೇ ಕೇಳಿಸ್ತಪ್ಪ’ ಅಂತ ಈಗಲೂ ಹೇಳ್ತಾರೆ.

ಹತ್ತಿರದಲ್ಲಿದ್ದ ನರ್ಸಿಂಗ್ ಹೋಮ್‌ಗೆ ಆಟೋದಲ್ಲಿ ಕರ್ಕೊಂಡು ಹೋದ್ವಿ. ಕಾಲ್ಗಂಟಿನ ಮೂರೂ ಕಡೆ ಮೂಳೆ ಮುರಿದಿತ್ತು. ರಕ್ತ ಪರೀಕ್ಷೆ ಮಾಡಿದಾಗ ಶುಗರ್ ಮುನ್ನೂರರ ಹತ್ತಿರ. ಅವರಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಅವತ್ತು. ಮಾರನೇ ದಿನ ಸಂಜೆಯೇ ಆಪರೇಷನ್ ಆಯ್ತು. ಮನೆಯವರು ಚೀಟಿ ಎತ್ತಿ ಬಿಲ್ ಕಟ್ಟಿದರು. ‘ಪ್ಲೇಟ್ ಹಾಕಿದ್ದೀವಿ, ಒಂದೂವರೆ ತಿಂಗಳಲ್ಲಿ ಓಡಾಡ್ತೀರಿ’ ಅಂದಿದ್ದರು.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಒಂದು ತುದಿಯಲ್ಲಿ ನೀರು ಜಿನುಗುತ್ತಿತ್ತು. ಮಾತ್ರೆ ಬರೆದುಕೊಟ್ಟರು. ನಾಲ್ಕನೇ ವಾರ ಬೇರೆ ಮಾತ್ರೆ. ಐದನೇ ವಾರ ಗಾಯದ ಬಾಯಿ ಬಿಟ್ಟುಕೊಂಡು ಒಳಗಿನ ಲೋಹ ಕಂಡಿತು. ಮತ್ತೊಂದು ಮಾತ್ರೆ. ಹತ್ತನೇ ವಾರ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೇ ಆಪರೇಷನ್: ಪ್ಲೇಟ್ ತೆಗೆದು, ಕೊಳೆತ ಭಾಗ ಕೆರೆದು, ಮೂಳೆಯ ಚೂರನ್ನು ಲ್ಯಾಬಿಗೆ ಕಳಿಸಿದರು. ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಇನ್ನೊಂದು ವಿಷಯ ಬಯಲಾಯ್ತು. ಕೀಲು ಸರಿಯಾಗಿ ಕೂತೇ ಇರಲಿಲ್ಲ.

ಫೈಲ್ ಹಿಡಿದುಕೊಂಡು ಅವರ ಜೊತೆ ಓಡಾಡಿದ್ದು ನಾನು. ನಾನು ಡಾಕ್ಟರ್ ಅಲ್ಲ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಬರೆಯೋದು. ಆದ್ರೆ ಆ ಫೈಲಿನ ಕಾಗದಗಳನ್ನು ಓದುತ್ತಾ ಓದುತ್ತಾ ಒಂದು ಮಾತು ಮನವರಿಕೆಯಾಯ್ತು. ಕಾಲ್ಗಂಟಿನ ಆಪರೇಷನ್ ಅನ್ನೋದು ಒಂದು ದಿನದ ಕೆಲಸ ಅಲ್ಲ, ಮೂರು ತಿಂಗಳ ಕೆಲಸ. ನಮ್ಮ ಸರ್ಕಾರಿ ಯೋಜನೆಗಳು, ಆಸ್ಪತ್ರೆ ಬಿಲ್ಲು, ಕಂಪನಿ ರಜೆ ಎಲ್ಲವೂ ಅದನ್ನು ಒಂದು ದಿನದ ಕೆಲಸ ಅಂತಲೇ ಲೆಕ್ಕ ಹಾಕಿವೆ.

ಒಂದು ಮಿಲಿಮೀಟರ್ ಸರಿದರೆ

ಕಾಲ್ಗಂಟನ್ನು ಬಡಗಿ ಕೆಲಸ ಅಂತ ಅಂದ್ಕೊಳ್ಳಿ. ಮೊಣಕಾಲಿನಿಂದ ಕೆಳಗೆ ಎರಡು ಮೂಳೆ ಇಳಿದು ಬರುತ್ತವೆ. ದಪ್ಪಗಿರೋದು ಟಿಬಿಯಾ, ಹೊರಬದಿಯಲ್ಲಿ ಸಣ್ಣಗಿರೋದು ಫಿಬುಲಾ. ಎರಡೂ ಸೇರಿ ಕೆಳಗಡೆ ಒಂದು ಗೂಡು ಮಾಡ್ತವೆ. ಆ ಗೂಡಿನೊಳಗೆ ಪಾದದ ಟೇಲಸ್ ಅನ್ನೋ ಮೂಳೆ, ಬಾಗಿಲ ಚೌಕಟ್ಟಿಗೆ ಮರದ ನಾಲಿಗೆ ಕೂರುವ ಹಾಗೆ ಬಿಗಿಯಾಗಿ ಕೂರುತ್ತೆ. ಕೈಯಿಂದ ಮುಟ್ಟಿದರೆ ಒಳಗೆ, ಹೊರಗೆ ಸಿಗುವ ಎರಡು ಗುಬ್ಬಿಗಳೇ ಆ ಗೂಡಿನ ಗೋಡೆ. ಎರಡು ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವ ಗಟ್ಟಿ ನಾರಿನ ಪಟ್ಟಿಗೆ ಸಿಂಡೆಸ್ಮೋಸಿಸ್ ಅಂತಾರೆ. ಹೆಸರು ಕಷ್ಟ, ಆದ್ರೆ ನೆನಪಿಟ್ಟುಕೊಳ್ಳಿ. ಅರ್ಧ ರಾಮಾಯಣ ಅಲ್ಲೇ ನಡೆಯೋದು.

1976ರಲ್ಲಿ ರಾಮ್ಸಿ ಮತ್ತು ಹ್ಯಾಮಿಲ್ಟನ್ ಎಂಬ ಇಬ್ಬರು ವೈದ್ಯರು ಪ್ರಕಟಿಸಿದ ಒಂದು ಸರಳ ಪ್ರಯೋಗ ಇವತ್ತಿಗೂ ಆರ್ಥೋಪೆಡಿಕ್ಸ್ ಪಾಠಗಳಲ್ಲಿ ಬರುತ್ತೆ. ಟೇಲಸ್ ಮೂಳೆ ಹೊರಬದಿಗೆ ಬರೀ 1 ಮಿಲಿಮೀಟರ್ ಸರಿದರೆ, ಕೀಲಿನೊಳಗೆ ಮೂಳೆಗೆ ಮೂಳೆ ತಾಗುವ ಜಾಗ ಸರಾಸರಿ ಶೇ. 42ರಷ್ಟು ಕಮ್ಮಿಯಾಗುತ್ತೆ ಅಂತ ಅವರು ತೋರಿಸಿದರು. ಇಲ್ಲಿ ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್ ಸಾಕು: ಬಲ ಅಷ್ಟೇ ಇದ್ದು ಜಾಗ ಕಮ್ಮಿಯಾದರೆ ಒತ್ತಡ ಏರುತ್ತೆ. ಶೇ. 58ರಷ್ಟು ಜಾಗದ ಮೇಲೆ ಅದೇ ಭಾರ ಬಿದ್ದರೆ ಒತ್ತಡ ಸುಮಾರು 1.7 ಪಟ್ಟು. ನಡೆಯುವಾಗ ಕಾಲ್ಗಂಟಿನ ಮೇಲೆ ಬೀಳುವ ಬಲ ನಮ್ಮ ತೂಕದಷ್ಟೇ ಅಲ್ಲ, ಸುಮಾರು ಐದು ಪಟ್ಟು. ಅರವತ್ತು ಕೆಜಿ ಇರೋರಿಗೆ ಪ್ರತಿ ಹೆಜ್ಜೆಗೂ ಮುನ್ನೂರು ಕೆಜಿ. ಹಾಗಾಗಿ ಸರಿಯಾಗಿ ಕೂರದ ಕಾಲ್ಗಂಟು ಕೆಲವೇ ವರ್ಷಗಳಲ್ಲಿ ಸವೆದು ಹೋಗಬಹುದು. ಮೊಣಕಾಲು ಸವೆಯೋದು ಹೆಚ್ಚಾಗಿ ವಯಸ್ಸಿಂದ. ಕಾಲ್ಗಂಟು ಸವೆಯೋದು ಬಹುಪಾಲು ಹಳೇ ಪೆಟ್ಟಿಂದ.

ಇದಕ್ಕೇ ಪ್ಲೇಟು, ಸ್ಕ್ರೂ ಹಾಕೋದು. ಗೂಡನ್ನು ಮೊದಲಿನ ಅಳತೆಗೆ ತಂದು, ಮೂಳೆ ಕೂಡೋ ತನಕ ಅಲುಗದಂತೆ ಹಿಡಿದಿಡೋದು ಅದರ ಕೆಲಸ. ತುಂಬಾ ಜನ ಪ್ಲೇಟ್ ಅಂದರೆ ಮೂಳೆಗೆ ಬದಲಿ ಅಂದ್ಕೋತಾರೆ. ಅಲ್ಲ. ಸೆಂಟ್ರಿಂಗ್ ಶೀಟ್ ಇದ್ದ ಹಾಗೆ, ಕಾಂಕ್ರೀಟ್ ಗಟ್ಟಿಯಾಗೋವರೆಗೆ ಮಾತ್ರ. ಬೈಂಡಿಂಗ್ ವೈರನ್ನು ಹತ್ತು ಸಲ ಅತ್ತಿತ್ತ ಬಗ್ಗಿಸಿದರೆ ಹೇಗೆ ತುಂಡಾಗುತ್ತೋ ಹಾಗೆ, ಮೂಳೆ ಕೂಡದೇ ಇದ್ದರೆ ಎಷ್ಟೇ ಒಳ್ಳೆ ಉಕ್ಕಿನ ಪ್ಲೇಟಾದರೂ ಒಂದು ದಿನ ಮುರಿಯುತ್ತೆ. ಮೂಳೆ ಮೊದಲು ಕೂಡುತ್ತಾ, ಲೋಹ ಮೊದಲು ಸೋಲುತ್ತಾ ಅನ್ನೋ ಓಟ ಅದು.

ಮತ್ತೆ ಕೊಯ್ಯಬೇಕಾಗೋದು ಯಾಕೆ

ಮೊದಲು ಒಂದು ಸಮಾಧಾನದ ಮಾತು. ಈ ಆಪರೇಷನ್ ಮಾಡಿಸಿಕೊಂಡ ಬಹುತೇಕರು ಚೆನ್ನಾಗೇ ಇರ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 57,183 ರೋಗಿಗಳ ಆಸ್ಪತ್ರೆ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2009ರಲ್ಲಿ ಬಂತು. ಮೊದಲ 90 ದಿನಗಳಲ್ಲಿ ಗಾಯದ ಸೋಂಕು ಶೇ. 1.44, ಮೂಳೆಯನ್ನು ಮತ್ತೆ ಜೋಡಿಸಬೇಕಾಗಿ ಬಂದಿದ್ದು ಶೇ. 0.82. ಗಾಬರಿಯಾಗುವ ಅಂಕಿಯಲ್ಲ. ಆದ್ರೆ ಇದು ಸರಾಸರಿ. ಈ ಸರಾಸರಿಯೊಳಗೆ ಎಲ್ಲರೂ ಒಂದೇ ಅಲ್ಲ. ಚರ್ಮ ಹರಿದು ಮೂಳೆ ಹೊರಬಂದವರು, ಶುಗರಿಂದ ನರ, ರಕ್ತನಾಳ ಕೆಟ್ಟಿರೋರು, ವಯಸ್ಸಾದವರು ಇವರಲ್ಲಿ ತೊಂದರೆ ಹೆಚ್ಚು ಅಂತ ಅದೇ ಅಧ್ಯಯನ ಹೇಳುತ್ತೆ.

60 ದಾಟಿದವರನ್ನಷ್ಟೇ ತಗೊಂಡರೆ ಚಿತ್ರ ಬೇರೆ. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 620 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯ್ತು. ಅರ್ಧ ಜನಕ್ಕೆ ಆಪರೇಷನ್, ಇನ್ನರ್ಧ ಜನಕ್ಕೆ ಅರಿವಳಿಕೆ ಕೊಟ್ಟು, ಮೂಳೆ ಕೂರಿಸಿ, ಕಾಲಿಗೆ ಅಂಟಿಕೊಂಡ ಹಾಗೆ ಹಾಕುವ ವಿಶೇಷ ಪ್ಲಾಸ್ಟರ್. ಆರು ತಿಂಗಳಾದ ಮೇಲೆ ನಡೆದಾಡುವ ಶಕ್ತಿ ಎರಡೂ ಗುಂಪಿನಲ್ಲಿ ಸಮ. ಸೋಂಕು, ಗಾಯ ಬಿಟ್ಟುಕೊಳ್ಳೋದು ಆಪರೇಷನ್ ಗುಂಪಿನಲ್ಲಿ ಶೇ. 10, ಪ್ಲಾಸ್ಟರ್ ಗುಂಪಿನಲ್ಲಿ ಶೇ. 1. ಮತ್ತೆ ಥಿಯೇಟರಿಗೆ ಹೋಗಬೇಕಾದವರು ಶೇ. 6 ಮತ್ತು ಶೇ. 1. ಹಾಗಂತ ಪ್ಲಾಸ್ಟರೇ ವಾಸಿ ಅಂತಲ್ಲ, ಮೂಳೆ ಸೊಟ್ಟ ಕೂಡಿದ್ದು ಪ್ಲಾಸ್ಟರ್ ಗುಂಪಿನಲ್ಲೇ ಹೆಚ್ಚು, ಶೇ. 15. ನಡುವೆ ಜಾರಿದರೆ ಆಪರೇಷನ್‌ಗೆ ಬದಲಾಯಿಸಬೇಕಾಗುತ್ತೆ, ಅದಕ್ಕೆ ಮೇಲಿಂದ ಮೇಲೆ ಎಕ್ಸ್‌ರೇ ಬೇಕು. (ಇದನ್ನು ಓದಿ ಯಾರೂ ಪುತ್ತೂರು ಕಟ್ಟಿಗೆ ಓಡಬೇಡಿ. ಎಕ್ಸ್‌ರೇ ನೋಡದೆ ಎಣ್ಣೆ, ಬಿದಿರು ದಬ್ಬೆ ಕಟ್ಟೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಜನ ಅಲ್ಲಿಗೆ ಯಾಕೆ ಹೋಗ್ತಾರೆ ಅನ್ನೋದು ನಂಗೆ ಅರ್ಥವಾಗುತ್ತೆ. ಪ್ಲೇಟ್ ಹಾಕಿಸ್ಕೊಂಡು ಕಾಲು ಕೊಳೆತವರೊಬ್ಬರನ್ನು ಪ್ರತಿ ಬೀದಿಯೂ ಕಂಡಿದೆ.)

ಈಗ ಕಾರಣಗಳಿಗೆ ಬರೋಣ. ಮೊದಲನೆಯದು ಚರ್ಮ. ತೊಡೆಯಲ್ಲಿ ಮೂಳೆ ಮುರಿದರೆ ಅದರ ಮೇಲೆ ದಪ್ಪ ಮಾಂಸಖಂಡದ ಹೊದಿಕೆ ಇರುತ್ತೆ. ಕಾಲ್ಗಂಟಿನಲ್ಲಿ ಚರ್ಮದ ಕೆಳಗೆ ನೇರವಾಗಿ ಮೂಳೆ. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಅದು ಊದಿ, ನೀರುಗುಳ್ಳೆ ಏಳಬಹುದು. ಆ ಹೊತ್ತಲ್ಲಿ ಕೊಯ್ದರೆ ಹೊಲಿಗೆ ಕೂಡಲ್ಲ. ಅದಕ್ಕೇ ಊತ ಏರುವ ಮೊದಲೇ ಆಪರೇಷನ್ ಆಗಬೇಕು, ಇಲ್ಲವಾದರೆ ಕಾಲು ಎತ್ತರಕ್ಕಿಟ್ಟು ಊತ ಇಳಿದು ಚರ್ಮದ ಮೇಲೆ ಸುಕ್ಕು ಕಾಣಿಸೋವರೆಗೆ ಕಾಯಬೇಕು. ಅದು ಒಂದು ವಾರ ಆಗಬಹುದು, ಎರಡು ವಾರವೂ ಆಗಬಹುದು. ‘ಸರ್ಕಾರಿ ಆಸ್ಪತ್ರೇಲಿ ಹತ್ತು ದಿನ ಸುಮ್ನೆ ಮಲಗಿಸಿದ್ರು, ಪ್ರೈವೇಟ್‌ನೋರು ಮಾರನೇ ದಿನಾನೇ ಮಾಡಿದ್ರು’ ಅಂತ ನಾವು ಹೊಗಳೋದಿದೆಯಲ್ಲ, ಕೆಲವು ಸಲ ಆ ಹತ್ತು ದಿನವೇ ಚಿಕಿತ್ಸೆ. ಕೆಲವು ಸಲ ಮಾತ್ರ, ಥಿಯೇಟರ್ ಖಾಲಿ ಇಲ್ಲದೆ ಕಾಯಿಸೋದೂ ಇದೆ, ಅದು ಬೇರೆ ಜಗಳ.

ಎರಡನೆಯದು ಶುಗರ್ ಮತ್ತು ಸಿಗರೇಟ್. ಶುಗರ್ ಇದ್ದವರೆಲ್ಲ ಒಂದೇ ಗುಂಪಲ್ಲ. ಪಾದದ ಸ್ಪರ್ಶ ಹೋಗಿರೋರು, ಕಿಡ್ನಿ ಅಥವಾ ರಕ್ತನಾಳ ಕೆಟ್ಟಿರೋರಿಗೆ, ಬರೀ ಶುಗರ್ ಇದ್ದವರಿಗಿಂತ ಮತ್ತೆ ಆಪರೇಷನ್ ಆಗುವ ಸಾಧ್ಯತೆ ಐದು ಪಟ್ಟು ಅಂತ ಅಮೆರಿಕದ 2011ರ ಒಂದು ಅಧ್ಯಯನದಲ್ಲಿದೆ. ಸ್ವೀಡನ್ನಿನ ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ ಸೇದುವವರಲ್ಲಿ ಒಳಗಿನ ಸೋಂಕಿನ ಸಾಧ್ಯತೆ ಆರು ಪಟ್ಟು. ಪಾದಕ್ಕೆ ಸ್ಪರ್ಶ ಇಲ್ಲದವರ ಅಪಾಯ ಏನಂದ್ರೆ ಅವರಿಗೆ ನೋವೇ ಆಗಲ್ಲ. ನೋವಿಲ್ಲ ಅಂತ ಕಾಲೂರಿ ಓಡಾಡ್ತಾರೆ, ಒಳಗೆ ಪ್ಲೇಟ್ ಸಡಿಲವಾಗ್ತಾ ಇರುತ್ತೆ.

ಮೂರನೆಯದು ಸೋಂಕನ್ನು ನಾವು ನಡೆಸಿಕೊಳ್ಳುವ ರೀತಿ. ಮನೆಯ ನೀರಿನ ಡ್ರಮ್ಮಿನ ಒಳಗೋಡೆಗೆ ಬೆರಳು ಆಡಿಸಿದರೆ ಲೋಳೆ ಸಿಗುತ್ತಲ್ಲ, ಲೋಹದ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಅಂಥದ್ದೇ ಪದರ ಕಟ್ಟಿಕೊಳ್ಳುತ್ತೆ. ಬಯೋಫಿಲ್ಮ್ ಅಂತ ಹೆಸರು. ಪದರ ಗಟ್ಟಿಯಾದ ಮೇಲೆ ಮಾತ್ರೆ ಅದರೊಳಗೆ ಇಳಿಯೋದು ಕಷ್ಟ. ಗಾಯದಿಂದ ಕೀವು ಬರ್ತಿದ್ದರೆ, ಅಥವಾ ಗಾಯ ಬಿಟ್ಟುಕೊಂಡು ಪ್ಲೇಟ್ ಕಂಡರೆ ಅದು ಸೋಂಕೇ ಅನ್ನೋದು 2018ರಲ್ಲಿ ತಜ್ಞರು ಒಮ್ಮತದಿಂದ ಬರೆದ ವ್ಯಾಖ್ಯೆ. ಅಂಥ ಹೊತ್ತಲ್ಲಿ ಆಗಬೇಕಾದ್ದು ಗಾಯ ತೆರೆದು ತೊಳೆದು, ಆಳದಿಂದ ಹಲವು ಮಾದರಿ ತೆಗೆದು ಕಲ್ಚರ್‌ಗೆ ಕಳಿಸಿ, ಯಾವ ಔಷಧಿ ಕೆಲಸ ಮಾಡುತ್ತೆ ಅಂತ ತಿಳಿದು ಕೊಡೋದು. ಮೊದಲ ಕೆಲವು ವಾರಗಳಲ್ಲೇ ಹೀಗೆ ಮಾಡಿದರೆ, ಪ್ಲೇಟ್ ಗಟ್ಟಿಯಾಗಿದ್ದರೆ, ಅದನ್ನು ಒಳಗೇ ಉಳಿಸಿಕೊಳ್ಳುವ ಅವಕಾಶ ಇರುತ್ತೆ. ತಡವಾದರೆ ತೆಗೆಯಲೇಬೇಕಾಗಿ ಬರಬಹುದು. ನಮ್ಮ ಅಕ್ಕನಿಗೆ ಎರಡನೇ ವಾರದಿಂದ ಹತ್ತನೇ ವಾರದವರೆಗೆ ಮೂರು ಥರ ಆಂಟಿಬಯೋಟಿಕ್ ಬರೆದರು. ಒಂದೇ ಒಂದು ಸಲವೂ ಮಾದರಿ ತೆಗೆದು ಲ್ಯಾಬಿಗೆ ಕಳಿಸಲಿಲ್ಲ. ಹತ್ತನೇ ವಾರ ಕಳಿಸಿದಾಗ ಬಂದ ವರದಿಯಲ್ಲಿ, ಆವರೆಗೆ ನುಂಗಿದ್ದ ಎರಡು ಔಷಧಿಗಳ ಮುಂದೆ ‘ರೆಸಿಸ್ಟೆಂಟ್’ ಅಂತ ಇತ್ತು.

ನಾಲ್ಕನೆಯದೇ ಆ ಸಿಂಡೆಸ್ಮೋಸಿಸ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2002ರಿಂದ 2011ರವರೆಗೆ ನಡೆದ 5,123 ಕಾಲ್ಗಂಟು ಆಪರೇಷನ್‌ಗಳನ್ನು ಅಲ್ಲಿನ ವೈದ್ಯರೇ ತಿರುಗಿ ನೋಡಿದರು. ಮೂಳೆ ಸರಿಯಾಗಿ ಕೂತಿಲ್ಲ ಅಂತ ಬೇಗನೇ ಮತ್ತೆ ಆಪರೇಷನ್ ಮಾಡಿಸಿಕೊಂಡವರು 79 ಜನ. ಅದರಲ್ಲಿ 47 ಜನಕ್ಕೆ ಕಾರಣ ಈ ನಾರಿನ ಪಟ್ಟಿಯ ಜಾಗದಲ್ಲಿ ಎರಡು ಮೂಳೆ ತಪ್ಪಾಗಿ ಕೂತಿದ್ದು. ಇನ್ನೂ ಕುತೂಹಲದ್ದು 2006ರ ಅಮೆರಿಕದ ಒಂದು ಪುಟ್ಟ ಅಧ್ಯಯನ. ಅಲ್ಲಿ ಸ್ಕ್ರೂ ಹಾಕಿಸಿಕೊಂಡ 25 ಜನರಿಗೆ ಆಮೇಲೆ ಸಿ.ಟಿ. ಮಾಡಿದರೆ 13 ಜನರಲ್ಲಿ ಮೂಳೆ ಸರಿಯಾಗಿ ಕೂತಿರಲಿಲ್ಲ. ಮಾಮೂಲಿ ಎಕ್ಸ್‌ರೇಯಲ್ಲಿ ದೋಷ ಕಂಡಿದ್ದು 6 ಜನರದ್ದು ಮಾತ್ರ. ಅಂದ್ರೆ ಎಕ್ಸ್‌ರೇ ನೋಡಿ ‘ಎಲ್ಲಾ ಚೆನ್ನಾಗಿದೆ’ ಅಂತ ಒಬ್ಬ ಡಾಕ್ಟರ್ ಪ್ರಾಮಾಣಿಕವಾಗೇ ಹೇಳಬಹುದು, ಆದರೂ ಒಳಗೆ ಸರಿ ಇಲ್ಲದೇ ಇರಬಹುದು. ಇದು ಯಾರದೋ ಕಳ್ಳತನದ ಕತೆ ಅಲ್ಲ, ಕಷ್ಟದ ಕೆಲಸದ ಕತೆ. ಹಾಗಾಗೇ ತಿರುಗಿ ನೋಡುವ ವ್ಯವಸ್ಥೆ ಬೇಕು.

ಇನ್ನು ಒಂದು ಥರದ ಎರಡನೇ ಆಪರೇಷನ್ ಇದೆ, ಅದು ತಪ್ಪಿಸಬಹುದಾದ್ದು. ‘ಮೂರು ತಿಂಗಳಾಯ್ತು, ಬನ್ನಿ, ಸ್ಕ್ರೂ ತೆಗೀಬೇಕು’ ಅಂತ ಕರೆಯೋದು. ಸಿಂಡೆಸ್ಮೋಸಿಸ್ ಸ್ಕ್ರೂವನ್ನು ಎಲ್ಲರಿಗೂ ಕಡ್ಡಾಯವಾಗಿ ತೆಗೆಯೋದಕ್ಕೂ, ತೊಂದರೆ ಕೊಟ್ಟರೆ ಮಾತ್ರ ತೆಗೆಯೋದಕ್ಕೂ ಇರುವ ವ್ಯತ್ಯಾಸವನ್ನು ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ವರ್ಷ ಕಳೆದ ಮೇಲೆ, ಬೇಕಾದಾಗ ಮಾತ್ರ ತೆಗೆದವರ ಕಾಲು ಇನ್ನೊಂದು ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ತೊಡಕು ಹೆಚ್ಚು ಕಂಡಿದ್ದು ಎಲ್ಲರಿಗೂ ತೆಗೆದ ಗುಂಪಿನಲ್ಲಿ. ಹಾಗಾಗಿ ಡಾಕ್ಟರ್ ಸ್ಕ್ರೂ ತೆಗೆಸಿ ಅಂದರೆ ‘ಯಾಕೆ ಸರ್?’ ಅಂತ ಒಂದು ಮಾತು ಕೇಳಿ. ನೋವಿದ್ದರೆ, ಚರ್ಮಕ್ಕೆ ಚುಚ್ಚುತ್ತಿದ್ದರೆ, ಕೀಲು ಆಡದಿದ್ದರೆ ತೆಗೆಸೋದು ಸರಿ. ಕ್ಯಾಲೆಂಡರ್ ನೋಡಿ ತೆಗೆಯೋದಕ್ಕೆ ಪುರಾವೆ ಇಲ್ಲ.

48 ಗಂಟೆ, 7 ದಿನ, 15 ದಿನ

ಇಲ್ಲಿಂದ ರಾಜಕೀಯ. ನಮ್ಮ ಯೋಜನೆಗಳ ಗಡಿಯಾರ ನೋಡಿ. 2016ರಲ್ಲಿ ರಾಜ್ಯ ಸರ್ಕಾರ ತಂದ ಹರೀಶ್ ಸಾಂತ್ವನ ಯೋಜನೆಯಲ್ಲಿ ಅಪಘಾತವಾದ ಮೊದಲ 48 ಗಂಟೆಗೆ 25 ಸಾವಿರ ರೂಪಾಯಿ ಇತ್ತು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚನೆ ಹೊರಡಿಸಿದ ನಗದುರಹಿತ ಚಿಕಿತ್ಸೆ ಯೋಜನೆ ಗರಿಷ್ಠ 7 ದಿನಕ್ಕೆ ಒಂದೂವರೆ ಲಕ್ಷ ರೂಪಾಯಿ. ಅದೂ ಮೋಟಾರು ವಾಹನದಿಂದಾದ ರಸ್ತೆ ಅಪಘಾತಕ್ಕೆ. ಚರಂಡಿ ಚಪ್ಪಡಿ ಮಗುಚಿ ಬಿದ್ದವರು ಆ ಲೆಕ್ಕದಲ್ಲಿ ಬರಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಿಜಕ್ಕೂ ದೊಡ್ಡ ಆಸರೆ. ಆಯುಷ್ಮಾನ್ ಭಾರತ್‌ನ ನಿಯಮದಂತೆ ಡಿಸ್ಚಾರ್ಜ್ ಆದ ಮೇಲಿನ ಖರ್ಚು ಸೇರೋದು 15 ದಿನದವರೆಗೆ.

ಇದರ ಪಕ್ಕದಲ್ಲಿ ಕಾಲಿನ ಗಡಿಯಾರ ಇಡಿ. ಮೂಳೆಗೆ ಲೋಹ ಹಾಕಿದ ಮೇಲಿನ ಸೋಂಕನ್ನು ವೈದ್ಯರು ಮೂರು ಥರ ಮಾಡ್ತಾರೆ: ಎರಡು ವಾರದೊಳಗಿನದ್ದು, ಮೂರರಿಂದ ಹತ್ತು ವಾರದ್ದು, ಹತ್ತು ವಾರ ದಾಟಿದ್ದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಮುರಿದ ಮೂಳೆ ಜೋಡಿಸುವ ಆಪರೇಷನ್ ಆದವರಲ್ಲಿ ಆಳದ ಸೋಂಕಿನ ಮೇಲೆ 90 ದಿನ ಕಣ್ಣಿಡಬೇಕು ಅಂತ ಇಟ್ಟಿದೆ. ನಾವು 15ನೇ ದಿನಕ್ಕೆ ಫೈಲ್ ಮುಚ್ತೀವಿ.

ನ್ಯಾಯವಾಗಿ ಹೇಳಬೇಕಂದ್ರೆ, ಕಾಗದದ ಮೇಲೆ ಎರಡನೇ ಆಪರೇಷನ್‌ಗೂ ಪ್ಯಾಕೇಜ್ ಇದೆ. ಪ್ಲೇಟ್ ತೆಗೆಯೋಕೆ, ಗಾಯ ಶುಚಿ ಮಾಡೋಕೆ ಅಡ್ಮಿಟ್ ಆದರೆ ಕಾರ್ಡ್ ನಡೆಯುತ್ತೆ. ಕಾರ್ಡ್ ನಡೆಯದೇ ಇರೋದು ನಡುವಿನ ದಾರೀಲಿ. ಹೊರರೋಗಿಯಾಗಿ ಹೋದರೆ ಆ ಯೋಜನೆ ಇಲ್ಲ. ವಾರಕ್ಕೆರಡು ಡ್ರೆಸ್ಸಿಂಗ್, ಎಕ್ಸ್‌ರೇ, ಕಲ್ಚರ್, ಶುಗರ್ ಮಾತ್ರೆ, ಫಿಸಿಯೋಥೆರಪಿ ಇವೆಲ್ಲ ಅಡ್ಮಿಟ್ ಆಗದೆ ನಡೆಯುವ ಕೆಲಸ. ಎರಡನೇ ಆಪರೇಷನ್ ಬೇಡದ ಹಾಗೆ ನೋಡಿಕೊಳ್ಳೋದೂ ಇವೇ. ತಡೆಯೋದಕ್ಕೆ ದುಡ್ಡಿಲ್ಲ, ಕೆಟ್ಟ ಮೇಲೆ ರಿಪೇರಿಗೆ ದುಡ್ಡಿದೆ. ಯಾವ ಫ್ಯಾಕ್ಟರಿಯಲ್ಲೂ ಮೆಂಟೆನೆನ್ಸ್ ಬಜೆಟ್ಟನ್ನು ಹೀಗೆ ಮಾಡಲ್ಲ.

ಜೊತೆಗೆ ಓಡಾಟ. ವಿಕ್ಟೋರಿಯಾ ಆಸ್ಪತ್ರೆಗೆ ನಮ್ಮ ಏರಿಯಾದಿಂದ ಮೈಸೂರು ರಸ್ತೆ ಹಿಡಿದು ನೇರ ಮಾರ್ಕೆಟ್ ಬಸ್ಸು. ಬೈರಸಂದ್ರದ ಹತ್ತಿರದ ಸಂಜಯ್ ಗಾಂಧಿ ಟ್ರಾಮಾ ಆಸ್ಪತ್ರೆ ಒಂದು ದಿಕ್ಕು, ರಾಜಾಜಿನಗರದ ಇಎಸ್‌ಐ ಇನ್ನೊಂದು ದಿಕ್ಕು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ. ಆದ್ರೆ ವಾಕರ್ ಹಿಡಿದು ಒಂಟಿ ಕಾಲಲ್ಲಿ ಬಸ್ಸಿನ ಮೆಟ್ಟಿಲು ಹತ್ತೋದು ಹೇಗೆ? ಆಟೋನೇ ಗತಿ. ಜೊತೆಗೆ ಹೋಗೋರ ಒಂದು ದಿನದ ಕೂಲಿ ಬೇರೆ. ‘ಆಪರೇಷನ್ ಸಾಲ ಒಂದ್ ಕಡೆ, ಆಟೋ ಸಾಲ ಇನ್ನೊಂದ್ ಕಡೆ’ ಅಂತ ಅಕ್ಕ ನಗ್ತಾರೆ. ಎರಡು ಡ್ರೆಸ್ಸಿಂಗ್ ತಪ್ಪಿಸಿದ್ದು ಯಾಕೆ ಅಂತ ಡಾಕ್ಟರ್ ಬೈದಾಗ ಈ ಮಾತು ಅಲ್ಲಿ ಹೇಳೋಕಾಗಲಿಲ್ಲ. ಕೇಸ್ ಶೀಟಿನಲ್ಲಿ ‘ಫಾಲೋಅಪ್‌ಗೆ ಬಂದಿಲ್ಲ’ ಅಂತ ಬರೆದರು, ಅಷ್ಟೇ.

ಶೇ. 70 ಅಥವಾ ಶೇ. 90?

ಅಕ್ಕನಿಗೆ ಇಎಸ್‌ಐ ಇದೆ. ಸಂಬಳದಿಂದ ಪ್ರತಿ ತಿಂಗಳೂ ಹಿಡೀತಾರೆ. ಮೊದಲ ಮೂರು ತಿಂಗಳು ಅವರಿಗೆ ಬಂದಿದ್ದು ಕಾಯಿಲೆ ರಜೆಯ ಭತ್ಯೆ, ಅಂದ್ರೆ ಸಂಬಳದ ಶೇ. 70. ಅದಕ್ಕೆ ವರ್ಷಕ್ಕೆ 91 ದಿನದ ಮಿತಿ. ಎರಡನೇ ಆಪರೇಷನ್ ಆಗಿ ಕೆಲವೇ ವಾರಕ್ಕೆ ಆ ದಿನಗಳು ಮುಗಿದವು.

ಆದ್ರೆ ಅವರು ಬಿದ್ದಿದ್ದು ಕೆಲಸ ಮುಗಿಸಿ ಮನೆಗೆ ಬರುವಾಗ. ಇಎಸ್‌ಐ ಕಾನೂನಿಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಮನೆಗೂ ಕೆಲಸದ ಜಾಗಕ್ಕೂ ನಡುವಿನ ಓಡಾಟದಲ್ಲಾದ ಅಪಘಾತವನ್ನೂ, ಸಮಯ, ಜಾಗ, ಕೆಲಸಕ್ಕೆ ಸಂಬಂಧ ಇದ್ದರೆ, ಕೆಲಸದಲ್ಲಾದ ಗಾಯ ಅಂತಲೇ ಪರಿಗಣಿಸಬೇಕು. ಹಾಗೆ ಪರಿಗಣಿಸಿದರೆ ಭತ್ಯೆ ಸಂಬಳದ ಸುಮಾರು ಶೇ. 90, ಅದೂ 91 ದಿನದ ಮಿತಿ ಇಲ್ಲದೆ, ಕೆಲಸ ಮಾಡಲು ಆಗದಿರುವಷ್ಟು ದಿನ. ಆಮೇಲೆ ಕಾಲಿನಲ್ಲಿ ಶಾಶ್ವತ ಊನ ಉಳಿದರೆ ಅದಕ್ಕೆ ಬೇರೆ ಭತ್ಯೆಯ ದಾರಿಯೂ ತೆರೆಯುತ್ತೆ. ಇದಕ್ಕೆ ಕಂಪನಿ ಅಪಘಾತದ ವರದಿ ಕಳಿಸಬೇಕು. ಕಂಪನಿಯ ಎಚ್‌ಆರ್‌ನವರು ‘ಗೇಟ್ ದಾಟಿದ ಮೇಲೆ ನಮಗೆ ಸಂಬಂಧ ಇಲ್ಲ’ ಅಂದರು. ಅಕ್ಕ ನಂಬಿದರು. ನಾನೂ ಮೊದಲು ನಂಬಿದ್ದೆ. ನಾವು ಅರ್ಜಿ ಹಾಕಿದ್ದು ಐದನೇ ತಿಂಗಳಲ್ಲಿ.

ಇಎಸ್‌ಐ ಇರೋದೇ ಅದೃಷ್ಟ. ತಿಂಗಳಿಗೆ 21 ಸಾವಿರದ ಮಿತಿ ದಾಟಿದವರಿಗೆ, ಹತ್ತಕ್ಕಿಂತ ಕಮ್ಮಿ ಜನ ಇರುವ ವರ್ಕ್‌ಶಾಪ್‌ನವರಿಗೆ, ಮನೆಕೆಲಸದವರಿಗೆ ಅದೂ ಇಲ್ಲ. ಬೈಕಲ್ಲಿ ಊಟ ತಲುಪಿಸುವ ಹುಡುಗರಿಗೆ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 4 ಲಕ್ಷದ ವಿಮೆ ಘೋಷಿಸಿತು, 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ. 2025ರಲ್ಲಿ ಗಿಗ್ ಕಾರ್ಮಿಕರ ಕಾನೂನೂ ಬಂತು, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ದೇಶದಲ್ಲೇ ಮುಂದಿರುವ ಹೆಜ್ಜೆ, ಒಪ್ಪೋಣ. ಆದ್ರೆ ಸತ್ತರೆ, ಅಂಗ ಊನವಾದರೆ ಅನ್ನೋದಕ್ಕಿಂತ ಹೆಚ್ಚಾಗಿ ಆ ಹುಡುಗರಿಗೆ ಆಗೋದು ಮೂರು ತಿಂಗಳು ಮನೇಲಿ ಕೂರುವ ಥರದ ಪೆಟ್ಟು. ಕೂತ ದಿನಗಳ ದುಡಿಮೆಗೆ ಬದಲಿ ಕೊಡುವ ವ್ಯವಸ್ಥೆ ಆ ನಿಧಿಯಿಂದ ಬರಬೇಕು ಅನ್ನೋದೇ ಈಗ ಕೇಳಬೇಕಾದ್ದು.

ಇದಕ್ಕೆ ಸೇರಿದ ಒಂದು ವೈದ್ಯಕೀಯ ಸುದ್ದಿ ಇದೆ, ನಮ್ಮಲ್ಲಿ ಯಾರೂ ಅದನ್ನು ಕಾರ್ಮಿಕರ ಸುದ್ದಿ ಅಂತ ಬರೀಲಿಲ್ಲ. ಆಪರೇಷನ್ ಆದ ಮೇಲೆ ಆರು ವಾರ ಕಾಲೂರಬೇಡಿ ಅನ್ನೋದು ಹಳೇ ರೂಢಿ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 561 ಜನರ ಮೇಲೆ ಇದನ್ನು ಪರೀಕ್ಷಿಸಿ 2024ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಎರಡು ವಾರಕ್ಕೇ ಕಾಲೂರಲು ಬಿಟ್ಟವರು ಆರು ವಾರ ಕಾದವರಿಗಿಂತ ಹಿಂದೆ ಬೀಳಲಿಲ್ಲ, ತೊಡಕುಗಳೂ ಹೆಚ್ಚಲಿಲ್ಲ. ಪಾದದ ಸ್ಪರ್ಶ ಹೋಗಿರೋರಿಗೆ, ಗಾಯ ಒಣಗದವರಿಗೆ ಈ ಮಾತು ಹೊಂದಲ್ಲ. ಉಳಿದವರಿಗೆ ನಾಲ್ಕು ವಾರ ಮುಂಚೆ ಎರಡು ಕಾಲ ಮೇಲೆ ನಿಲ್ಲೋದು ಅಂದರೆ ನಾಲ್ಕು ವಾರದ ಬಾಡಿಗೆ, ರೇಷನ್ನು, ಮಗಳ ಫೀಸು. ‘ನಾನು ಯಾವಾಗ ಕಾಲೂರಬಹುದು?’ ಅಂತ ನೀವೇ ಬಾಯಿಬಿಟ್ಟು ಕೇಳಿ.

ಯಾರೂ ಎಣಿಸದ ಆಪರೇಷನ್

ಮೇಲೆ ಬರೆದ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಕ್ಯಾಲಿಫೋರ್ನಿಯಾ, ಹೆಲ್ಸಿಂಕಿ, ಬ್ರಿಟನ್, ನೆದರ್ಲೆಂಡ್ಸ್. ಬೆಂಗಳೂರಿನದ್ದು ಒಂದೂ ಇಲ್ಲ. ಸ್ವೀಡನ್ನಿನಲ್ಲಿ 2011ರಿಂದ ಮೂಳೆ ಮುರಿತಕ್ಕೇ ರಾಷ್ಟ್ರೀಯ ರಿಜಿಸ್ಟರ್ ಇದೆ. ಯಾವ ಮೂಳೆ, ಹೇಗೆ ಮುರೀತು, ಏನು ಮಾಡಿದರು, ಮತ್ತೆ ಆಪರೇಷನ್ ಆಯ್ತಾ ಎಲ್ಲ ಅದರಲ್ಲಿ ದಾಖಲು. ನಮ್ಮ ದೇಶದ ಎಲ್ಲ ಆಸ್ಪತ್ರೆಗಳನ್ನು ಒಳಗೊಂಡ ಅಂಥ ರಿಜಿಸ್ಟರ್ ಇಲ್ಲ. ನಮ್ಮ ಅಕ್ಕನ ಎರಡನೇ ಆಪರೇಷನ್ ಆಗಿದ್ದು ಬೇರೆ ಆಸ್ಪತ್ರೆಯಲ್ಲಿ. ಹಾಗಾಗಿ ಮೊದಲ ನರ್ಸಿಂಗ್ ಹೋಮ್‌ನ ಪುಸ್ತಕದಲ್ಲಿ ಅವರದ್ದು ಈಗಲೂ ಯಶಸ್ವೀ ಕೇಸು. ಅಲ್ಲಿನ ಡಾಕ್ಟರಿಗೂ ಬಹುಶಃ ಹಾಗೇ ಅನಿಸಿರುತ್ತೆ. ತನ್ನ ಕೆಲಸ ಎಲ್ಲಿ ಕೆಡ್ತಿದೆ ಅಂತ ಗೊತ್ತಾಗದ ಸರ್ಜನ್ ಸುಧಾರಿಸೋದು ಹೇಗೆ?

ಹೊಸದಾಗಿ ಕೋಟಿಗಟ್ಟಲೆ ಖರ್ಚು ಮಾಡಿ ಸಾಫ್ಟ್‌ವೇರ್ ಕಟ್ಟಬೇಕಾಗಿಲ್ಲ. ಆಯುಷ್ಮಾನ್-ಆರೋಗ್ಯ ಕರ್ನಾಟಕವನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ರತಿ ಕ್ಲೇಮನ್ನೂ ಪ್ಯಾಕೇಜ್ ಕೋಡ್ ನೋಡಿ ಪಾವತಿಸುತ್ತೆ. ಕಾಲ್ಗಂಟಿಗೆ ಪ್ಲೇಟ್ ಹಾಕಿದ ಕೋಡ್ ಇರುವ ರೋಗಿಗೆ, ವರ್ಷದೊಳಗೆ ಗಾಯ ಶುಚಿ ಮಾಡಿದ, ಪ್ಲೇಟ್ ತೆಗೆದ, ಮತ್ತೆ ಜೋಡಿಸಿದ ಕೋಡ್ ಬಂದಿದೆಯಾ? ಸಾಫ್ಟ್‌ವೇರ್ ಕಂಪನೀಲಿ ಇರುವ ನನ್ನ ಕಾಲೇಜು ಗೆಳೆಯರಿಗೆ ಇದು ಮಧ್ಯಾಹ್ನದ ಒಂದು ಕ್ವೆರಿ. ರೋಗಿಯ ಹೆಸರು ತೆಗೆದು, ಆಸ್ಪತ್ರೆವಾರು ಅಂಕಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಕಷ್ಟದ ಕೇಸು ತಗೊಳ್ಳುವ ಸರ್ಕಾರಿ ಟ್ರಾಮಾ ಆಸ್ಪತ್ರೆಗಳಿಗೆ ಅನ್ಯಾಯ ಆಗದ ಹಾಗೆ ಶುಗರ್, ವಯಸ್ಸು, ಮೂಳೆ ಹೊರಬಂದಿತ್ತಾ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಲಿ. ಇಲ್ಲಾಂದ್ರೆ ಶುಗರ್ ಇದ್ದವರನ್ನು ಯಾರೂ ಮುಟ್ಟಲ್ಲ, ಅದು ಇನ್ನೊಂದು ಅನಾಹುತ. ಜೊತೆಗೆ ಡಿಸ್ಚಾರ್ಜ್ ಆದ ಮೇಲಿನ 15 ದಿನವನ್ನು, ಲೋಹ ಹಾಕಿದ ಆಪರೇಷನ್‌ಗಳಿಗಾದರೂ, 90 ದಿನ ಮಾಡಲಿ. ಡ್ರೆಸ್ಸಿಂಗ್‌ಗೆ ವಿಕ್ಟೋರಿಯಾದವರೆಗೆ ಬರೋದು ಬೇಡ, ಹತ್ತಿರದ ನಮ್ಮ ಕ್ಲಿನಿಕ್‌ನಲ್ಲೇ ಆಗಲಿ, ಅಲ್ಲಿನ ನರ್ಸ್ ಗಾಯದ ಫೋಟೋ ತೆಗೆದು ಸರ್ಜನ್‌ಗೆ ಕಳಿಸಲಿ.

ಅಲ್ಲಿಯವರೆಗೆ ನಿಮ್ಮ ಮನೇಲಿ ಯಾರಿಗಾದರೂ ಹೀಗಾದರೆ ಕಾಗದ ಬಿಡಬೇಡಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು, ಆಪರೇಷನ್ ನೋಟ್ಸ್, ಹಾಕಿದ ಪ್ಲೇಟಿನ ಸ್ಟಿಕ್ಕರ್, ಆಪರೇಷನ್‌ಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇ ಎಲ್ಲ ಕೇಳಿ ಇಸ್ಕೊಳ್ಳಿ. ಕೊಡಬೇಕಾದ್ದು ಅವರ ಕರ್ತವ್ಯ. ಅಕ್ಕನ ಎರಡನೇ ಆಪರೇಷನ್ ಮಾಡಿದ ಡಾಕ್ಟರ್ ಮೊದಲು ಕೇಳಿದ್ದೇ ‘ಯಾವ ಕಂಪನಿ ಪ್ಲೇಟಮ್ಮ?’ ಅಂತ, ಅದಕ್ಕೆ ತಕ್ಕ ಸ್ಕ್ರೂಡ್ರೈವರ್ ಬೇಕಲ್ಲ. ನಮ್ಮ ಹತ್ರ ಉತ್ತರ ಇರಲಿಲ್ಲ.

ಈಗ ಗಾಯ ಒಣಗಿದೆ. ಶುಗರ್ ಹತೋಟಿಯಲ್ಲಿದೆ. ಕೀಲು ಮಾತ್ರ ಸವೆಯುತ್ತಿದೆ, ನೋವು ಬಿಟ್ಟಿಲ್ಲ. ಮುಂದಿನ ದಾರಿ ಅಂತ ಡಾಕ್ಟರ್ ಹೇಳಿರೋದು ಫ್ಯೂಷನ್, ಎರಡು ಮೂಳೆ ಸೇರಿಸಿ ಕೀಲನ್ನೇ ಮುಚ್ಚಿಬಿಡೋದು. ನೋವು ಹೋಗುತ್ತೆ, ಪಾದ ಮೇಲೆ ಕೆಳಗೆ ಆಡೋದು ಬಹುಪಾಲು ನಿಲ್ಲುತ್ತೆ. ಅಕ್ಕ ಅವತ್ತು ಡಾಕ್ಟರ್ ಮುಂದೆ ಏನೂ ಕೇಳಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ನನ್ನ ಕೇಳಿದರು, ‘ಮಿಷನ್ ಪೆಡಲ್ ಒತ್ತೋದು ಇದೇ ಕಾಲಲ್ಲಿ ಅಲ್ವೇನಪ್ಪಾ, ಆಮೇಲೆ ಒತ್ತಕ್ಕಾಗತ್ತಾ?’ ಹೋದ ವಾರ ಅವರ ಮನೆಗೆ ಹೋದಾಗ ಹಳೇ ಹೊಲಿಗೆ ಮಿಷನ್ ಮುಂದೆ ಕೂತು, ಬಟ್ಟೆ ಇಲ್ಲದೆ, ದಾರ ಇಲ್ಲದೆ, ಎಡಗಾಲಲ್ಲಿ ಪೆಡಲ್ ತುಳಿದು ನೋಡ್ತಿದ್ದರು.